ಕಸಿದದ್ದೋ, ಹಿಡಿದದ್ದೋ, ಪಡೆದದ್ದೋ?

ಇಂಗ್ಲಿಷಿನಲ್ಲಿ 'ಸ್ನ್ಯಾಚ್' ಎಂಬೊಂದು ಕ್ರಿಯಾಪದವಿದೆ. ಅದಕ್ಕೆ ಜೊತೆಗಾರರಾಗಿ 'ಗ್ರ್ಯಾಬ್' ಮತ್ತು 'ಸೀಜ್' ಎಂಬ ಇನ್ನೆರಡು ಪದಗಳಿವೆ. ಏನನ್ನಾದರೂ ಹಠಾತ್ತನೆ ತೆಗೆದುಕೊಳ್ಳುವುದು ಎಂಬುದು ಮೂರಕ್ಕೂ ಸ್ಥೂಲವಾದ ಅರ್ಥ. ನೆರೂಳದಂಥ ಊರಿನಲ್ಲಿ ನೆಲೆಸಿರುವ ನಮ್ಮ ಸಂಸಾರಗಳಿಗೆ ಈ ಮೂರೂ ದಿನ ಬೆಳಗಾದರೆ ಎದುರಾಗುತ್ತವೆ. ಅಂಗಡಿಯ ಮುಂದಿನ ಫಲಕ ರಿಯಾಯಿತಿಯನ್ನು 'ಗ್ರ್ಯಾಬ್' ಮಾಡಿರೆಂದು ಕರೆಯುತ್ತದೆ. ಬೆಳಗಿನ ನಡಿಗೆಗೆ ಹೋಗುವ ಹೆಂಗಸರು ಕೊರಳಿನ ಸರದ ಬಗ್ಗೆ ಎಚ್ಚರವಾಗಿರಬೇಕೆಂದು ಪೋಲೀಸರ ಸೂಚನೆ 'ಸ್ನ್ಯಾಚಿಂಗ್' ಎಂಬ ಮಾತನ್ನು ಬಳಸುತ್ತದೆ. ಬಂದರಿನಲ್ಲಿ ಕಳ್ಳಸಾಗಣೆಯ ಮಾಲು ಸಿಕ್ಕಿದರೆ ಪತ್ರಿಕೆಯಲ್ಲಿ 'ಸೀಜ್' ಆಯಿತೆಂದು ಓದುತ್ತೇವೆ. ಈ ಮಾತುಗಳೆಲ್ಲ ನಮ್ಮ ಮಕ್ಕಳ ಬಾಯಿಗೆ ಸರಾಗವಾಗಿ ಬರುತ್ತವೆ. ಆದರೆ ಇವನ್ನು ಕನ್ನಡದಲ್ಲಿ ಹೇಳು ಎಂದರೆ ಹೆಚ್ಚಿನ ಮಕ್ಕಳು ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಮೂರಕ್ಕೂ 'ತೆಗೊಳ್ಳೋದು' ಎಂಬ ಒಂದೇ ಉತ್ತರವನ್ನು ಕೊಡುತ್ತಾರೆ.

ಇದು ಸಣ್ಣ ಸಂಗತಿಯೆಂದು ಕೆಲವರಿಗೆ ತೋರಬಹುದು. ಒಂದು ಕ್ರಿಯಾಪದದಲ್ಲಿ ಏನಿದೆ ಮಹಾ ಎಂದು ಕೇಳುವವರೂ ಇದ್ದಾರೆ. ಆದರೆ ತೆಗೆದುಕೊಳ್ಳುವುದಕ್ಕೂ ಕಸಿದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ನ್ಯಾಯಕ್ಕೂ ಅನ್ಯಾಯಕ್ಕೂ ಇರುವ ವ್ಯತ್ಯಾಸವೇ ಅಲ್ಲವೆ? ಆ ಗೆರೆಯನ್ನು ಎಳೆಯುವುದಕ್ಕೆ ಕನ್ನಡದಲ್ಲಿ ಇರುವಷ್ಟು ಸಾಮಗ್ರಿ ಆ ಮೂರು ಇಂಗ್ಲಿಷ್ ಪದಗಳಲ್ಲಿ ಇಲ್ಲವೆಂಬುದೂ, ಅವುಗಳ ನೆರಳಿನಲ್ಲಿ ನಾವು ನಮ್ಮದನ್ನೇ ಮರೆಯುತ್ತಿದ್ದೇವೆಂಬುದೂ ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ಪರಿಶೀಲಿಸೋಣ.

ಮೊದಲು ಇಂಗ್ಲಿಷ್ ಪದಗಳ ಸ್ವಭಾವವನ್ನು ನೋಡಬೇಕು. 'ಸ್ನ್ಯಾಚ್' ಎಂಬುದರಲ್ಲಿ ಮುಖ್ಯವಾದದ್ದು ವೇಗ. ಕಣ್ಣು ಮಿಟುಕಿಸುವಷ್ಟರಲ್ಲಿ ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿರಬೇಕು. 'ಗ್ರ್ಯಾಬ್' ಎಂಬುದರಲ್ಲಿ ಮುಖ್ಯವಾದದ್ದು ಮುಷ್ಟಿ. ಗಟ್ಟಿಯಾಗಿ, ತುಸು ಒರಟಾಗಿ, ಆಸೆಯಿಂದ ಹಿಡಿಯುವುದು ಅದರ ಗುಣ. 'ಸೀಜ್' ಎಂಬುದರಲ್ಲಿ ಮುಖ್ಯವಾದದ್ದು ಅಧಿಕಾರ ಅಥವಾ ಬಲ. ಈ ಪದದ ಹುಟ್ಟು ಫ್ರೆಂಚ್ ಮೂಲದ ಹಳೆಯ ಭೂಕಾನೂನಿನಲ್ಲಿ. ಒಬ್ಬನಿಗೆ ಭೂಮಿಯ ಸ್ವಾಧೀನವನ್ನು ವಿಧ್ಯುಕ್ತವಾಗಿ ಕೊಡುವುದು ಅದರ ಮೊದಲಿನ ಅರ್ಥವಾಗಿತ್ತು. ಕೊಡುವುದಕ್ಕೆ ಇದ್ದ ಪದವೇ ಕಾಲಕ್ರಮದಲ್ಲಿ ಕಿತ್ತುಕೊಳ್ಳುವುದಕ್ಕೆ ಬಳಕೆಯಾಯಿತೆಂಬುದು ವಿನೋದವೂ ಹೌದು, ವಿಷಾದವೂ ಹೌದು.

ಹೀಗೆ ಮೂರಕ್ಕೂ ಮೂರು ಮುಖಗಳಿದ್ದರೂ ಇಂಗ್ಲಿಷಿನವರು ಇವನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಧಾರಾಳವಾಗಿ ಬಳಸುತ್ತಾರೆ. ನಮ್ಮ ದೇಶದ ಹೊಸ ಕಾನೂನನ್ನೇ ನೋಡಿ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಕಳವು, ಸುಲಿಗೆ, ದರೋಡೆ, ಡಕಾಯಿತಿ ಎಂಬ ಭೇದಗಳಿದ್ದುವೇ ಹೊರತು 'ಸ್ನ್ಯಾಚಿಂಗ್' ಎಂಬ ಹೆಸರಿನ ಪ್ರತ್ಯೇಕ ಅಪರಾಧವಿರಲಿಲ್ಲ. ಸರ ಎಳೆದವನ ಮೇಲೆ ಕಳವಿನದೋ ದರೋಡೆಯದೋ ಕಲಮು ಹಚ್ಚಬೇಕಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೆಯ ಕಲಮು ಈ ಪದಕ್ಕೆ ಮೊದಲ ಬಾರಿಗೆ ಅಲ್ಲಿ ಸ್ಥಾನ ಕೊಟ್ಟಿದೆ. ಕಳವು ಮಾಡುವ ಸಲುವಾಗಿ ಹಠಾತ್ತಾಗಿ, ಅಥವಾ ತ್ವರಿತವಾಗಿ, ಅಥವಾ ಬಲಾತ್ಕಾರದಿಂದ ಒಬ್ಬನ ಚರ ಸೊತ್ತನ್ನು ತೆಗೆದುಕೊಂಡರೆ ಅದು ಈ ಅಪರಾಧ. ಮೂರು ವರ್ಷದ ವರೆಗೆ ಸೆರೆಮನೆ ಮತ್ತು ದಂಡ. ಗಮನಿಸಬೇಕಾದ ಅಂಶವೆಂದರೆ, ಆ ಒಂದು ವಾಕ್ಯದಲ್ಲಿ ತೆಗೆದುಕೊಳ್ಳುವುದನ್ನು ಹೇಳಲು ನಾಲ್ಕು ಕ್ರಿಯಾಪದಗಳನ್ನೂ, ಹೇಗೆಂದು ಹೇಳಲು ಮೂರು ವಿಶೇಷಣಗಳನ್ನೂ ಸಾಲಾಗಿ ನಿಲ್ಲಿಸಲಾಗಿದೆ. ಒಂದೇ ಪದದ ಮೇಲೆ ಭಾರ ಹಾಕಲು ಶಾಸನಕರ್ತರಿಗೆ ಧೈರ್ಯ ಸಾಲಲಿಲ್ಲ ಎನ್ನಬಹುದು.

ಇನ್ನು ಕನ್ನಡದ ರೀತಿಯನ್ನು ನೋಡೋಣ. 'ಲಪಕ್ಕನೆ ಕಸಿದುಕೊಂಡ' ಎಂದು ನಾವು ಹೇಳುತ್ತೇವೆ. ಇಲ್ಲಿ ಮೂರು ತುಂಡುಗಳಿವೆ. 'ಲಪಕ್ಕನೆ' ಎಂಬುದು ವೇಗವನ್ನು ಹೇಳಿತು. 'ಕಸಿದು' ಎಂಬುದು ರೀತಿಯನ್ನು ಹೇಳಿತು; ಹಿಡಿದಿದ್ದವನ ಕೈಯಿಂದ ಅವನ ಇಷ್ಟಕ್ಕೆ ವಿರೋಧವಾಗಿ ತೆಗೆಯಲಾಯಿತು. 'ಕೊಂಡ' ಎಂಬುದು ಫಲವನ್ನು ಹೇಳಿತು. ತೆಗೆದವನು ಅದನ್ನು ತನಗಾಗಿಯೇ ಇಟ್ಟುಕೊಂಡ. ಮೂರನ್ನೂ ಬೇರೆ ಬೇರೆ ಬದಲಾಯಿಸಬಹುದೆಂಬುದೇ ಇದರ ಸೊಗಸು. ಗಬಕ್ಕನೆ, ತಟಕ್ಕನೆ, ಚಕ್ಕನೆ, ಸರಕ್ಕನೆ, ನಮ್ಮ ಕರಾವಳಿಯವರ ಫಕ್ಕನೆ, ಇವೆಲ್ಲ ವೇಗದ ಬಗೆಗಳು. ಗಬಕ್ಕನೆ ಎಂದರೆ ಬಾಯಿಯೋ ಮುಷ್ಟಿಯೋ ತುಂಬಿತು. ಸರಕ್ಕನೆ ಎಂದರೆ ಎಳೆದ ಸದ್ದು ಕೇಳಿತು. ಕೊನೆಯ ತುಂಡನ್ನು ಬದಲಾಯಿಸಿದರೆ ಕಥೆಯೇ ಬದಲಾಗುತ್ತದೆ. 'ಕಿತ್ತುಕೊಂಡ' ಎಂದರೆ ತನಗಾಗಿ. 'ಕಿತ್ತುಕೊಟ್ಟ' ಎಂದರೆ ಇನ್ನೊಬ್ಬರಿಗಾಗಿ. 'ಕಿತ್ತುಹಾಕಿದ' ಎಂದರೆ ಯಾರಿಗೂ ಬೇಡವೆಂದು. ಇಂಗ್ಲಿಷ್ ಪದ ಒಂದೇ ಮುದ್ದೆಯಲ್ಲಿ ಕಟ್ಟಿಕೊಡುವುದನ್ನು ಕನ್ನಡ ಬಿಡಿಸಿ, ಎಲೆಯ ಮೇಲೆ ಬೇರೆ ಬೇರೆ ಬಡಿಸುತ್ತದೆ.

ನಡುವಿನ ತುಂಡಿನಲ್ಲಂತೂ ನಮ್ಮ ಭಾಷೆಯ ಸಂಪತ್ತು ಎದ್ದು ಕಾಣುತ್ತದೆ. ಕೈಯಲ್ಲಿರುವುದನ್ನು ಕಸಿಯುತ್ತಾರೆ; ಧಾರವಾಡದ ಕಡೆಯವರು 'ಕಸಗೊಂಡ' ಎನ್ನುತ್ತಾರೆ, ಉಡುಪಿ ಕುಂದಾಪುರದವರು 'ಎಳಕೊಂಡ' ಎಂದಾರು. ನೆಟ್ಟು ನಿಂತಿರುವುದನ್ನು ಕೀಳುತ್ತಾರೆ. ಕಾಣದಂತೆ ತೆಗೆದರೆ ಎಗರಿಸಿದ್ದು. ನಂಬಿ ಕೊಟ್ಟದ್ದನ್ನು ನುಂಗಿದರೆ ಲಪಟಾಯಿಸಿದ್ದು. ಮನೆಯನ್ನೇ ಬರಿದು ಮಾಡಿದರೆ ದೋಚಿದ್ದು. ಎರಡೂ ಕೈಯಿಂದ ಸೇರಿಸಿಕೊಂಡರೆ ಬಾಚಿದ್ದು. ಪರರ ನೆಲವನ್ನು ತುತ್ತು ಮಾಡಿಕೊಂಡರೆ ಕಬಳಿಸಿದ್ದು. ಓಡಾಡಿ, ಕಾಡಿ ಬೇಡಿ ಪಡೆದರೆ ಗಿಟ್ಟಿಸಿದ್ದು. ಸರಕಾರ ಕಾನೂನಿನಂತೆ ತೆಗೆದುಕೊಂಡರೆ ಜಪ್ತಿ ಅಥವಾ ಮುಟ್ಟುಗೋಲು. ಇವುಗಳಲ್ಲಿ ಒಂದೊಂದೂ ಒಂದೊಂದು ತೀರ್ಪು. ಪದ ಬಾಯಿಂದ ಹೊರಟ ಕೂಡಲೇ ಕಳೆದುಕೊಂಡವನು ಯಾರು, ತೆಗೆದವನಿಗೆ ಹಕ್ಕಿತ್ತೇ ಇಲ್ಲವೇ ಎಂಬುದು ಕೇಳುವವನಿಗೆ ತಿಳಿದುಹೋಗುತ್ತದೆ.

ನಿಘಂಟುಗಳು ಇಲ್ಲಿ ನಮಗೆ ಎಷ್ಟರ ಮಟ್ಟಿಗೆ ನೆರವಾಗುತ್ತವೆ? 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲರ ಮಹಾಕೋಶ ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥವನ್ನು ಕೊಡುವಂಥದು. ಅದರ ದಾರಿ ಕನ್ನಡದಿಂದ ಹೊರಡುತ್ತದೆ. ಆದುದರಿಂದ ಅದರಲ್ಲಿ ನಮ್ಮ ಕ್ರಿಯಾಪದಗಳಿಗೆ ಒಂದೊಂದಕ್ಕೂ ತನ್ನದೇ ಮನೆಯಿದೆ. ಇಂಗ್ಲಿಷಿನಿಂದ ಹೊರಡುವ ಕೋಶಗಳ ಕಷ್ಟ ಬೇರೆ. ಅಲ್ಲಿ ಒಂದು ಇಂಗ್ಲಿಷ್ ಪದದ ಮುಂದೆ ಹಿಡಿ, ಕಸಿ, ಸೆಳೆ, ಕಿತ್ತುಕೊ ಎಂದು ನಾಲ್ಕಾರು ಕನ್ನಡ ಪದಗಳು ಅಲ್ಪವಿರಾಮ ಹಾಕಿಕೊಂಡು ಕ್ಯೂ ನಿಂತಿರುತ್ತವೆ. ಯಾವುದನ್ನು ಎಲ್ಲಿ ಎಂಬುದು ತಿಳಿದವನಿಗೆ ಕೋಶ ಬೇಡ. ತಿಳಿಯದವನಿಗೆ ಆ ಸಾಲು ಸಾಲದು. ಅವಸರದ ಅನುವಾದಕ ಮೊದಲನೆಯದನ್ನು ಎತ್ತಿಕೊಂಡು ಹೊರಡುತ್ತಾನೆ. ಈ ಕೊರತೆಯನ್ನು ಚೆನ್ನಾಗಿ ಅರಿತಿದ್ದವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1991ರಿಂದ 'ಪ್ರಜಾವಾಣಿ'ಯಲ್ಲಿ ಬಂದ ಅವರ 'ಇಗೋ ಕನ್ನಡ' ಅಂಕಣ ಓದುಗರ ಪ್ರಶ್ನೆಗೆ ಉತ್ತರವಾಗಿ ಪದಗಳನ್ನು ಬಿಡಿಸಿ ಹೇಳುತ್ತಿತ್ತು. ಕೋಶ ಕೊಡುವುದು ಅರ್ಥವನ್ನು, ಅಂಕಣ ಕೊಟ್ಟದ್ದು ವಿವೇಕವನ್ನು. 2021ರಲ್ಲಿ 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಕಲಿಸಿದ ಕ್ರಮವನ್ನು ಮನೆಮನೆಯಲ್ಲಿ ಮುಂದುವರಿಸುವ ಹೊಣೆ ಈಗ ನಮ್ಮ ಮೇಲಿದೆ.

ಪತ್ರಿಕೆಗಳ ವಿಷಯದಲ್ಲಿ ದೂರುವುದಕ್ಕಿಂತ ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. 'ಚೈನ್ ಸ್ನ್ಯಾಚಿಂಗ್' ಎಂಬುದಕ್ಕೆ ಕನ್ನಡ ಪತ್ರಿಕೆಗಳು 'ಸರಗಳ್ಳತನ' ಎಂಬ ಪದವನ್ನು ಬಳಕೆಗೆ ತಂದಿವೆ. ಕ್ರಿಯಾಪದವನ್ನು ಅನುವಾದಿಸುವ ಗೋಜಿಗೇ ಹೋಗದೆ ಕಳೆದುಹೋದ ವಸ್ತುವನ್ನು ಮುಂದಿಟ್ಟುಕೊಂಡು ಕಟ್ಟಿದ ಪದ ಇದು. ಕೇಳಿದವರಿಗೆ ಕೂಡಲೇ ಅರ್ಥವಾಗುತ್ತದೆ. ಮರಾಠಿ ಪತ್ರಿಕೆಗಳೂ 'ಸೋನಸಾಖಳಿ ಚೋರ' ಎಂದು ಇದೇ ಜಾಡಿನಲ್ಲಿ ನಡೆದಿವೆ. 'ಲ್ಯಾಂಡ್ ಗ್ರ್ಯಾಬಿಂಗ್' ಎಂಬುದಕ್ಕೆ 'ಭೂ ಕಬಳಿಕೆ' ಎಂದದ್ದು ಇನ್ನೂ ಮೇಲು. ಕರ್ನಾಟಕ ಸರಕಾರದ 2011ರ ಭೂ ಕಬಳಿಕೆ ನಿಷೇಧ ಕಾಯಿದೆಯ ಹೆಸರಿನಲ್ಲಿಯೂ ಇದೇ ಪದವಿದೆ. ಇಂಗ್ಲಿಷಿನಲ್ಲಿ ಬರಿಯ ಮುಷ್ಟಿ ಇತ್ತು, ಕನ್ನಡದಲ್ಲಿ ಬಾಯಿ ಬಂತು. ಕೆರೆಯ ಅಂಗಳವನ್ನೂ ಗೋಮಾಳವನ್ನೂ ಒಳಗೆ ಹಾಕಿಕೊಂಡವನು ಅದನ್ನು ಹಿಡಿದು ನಿಂತಿಲ್ಲ, ನುಂಗಿದ್ದಾನೆ ಎಂಬ ಸತ್ಯವನ್ನು ಕಬಳ ಎಂಬ ಮೂಲಪದವೇ ಸಾರುತ್ತದೆ. ಅನುವಾದ ಮೂಲಕ್ಕಿಂತ ಮೇಲಾದ ಇಂಥ ಉದಾಹರಣೆಗಳು ವಿರಳ.

ತೊಡಕು ಬರುವುದು ಜಾಹೀರಾತಿನಲ್ಲಿ. ಅಲ್ಲಿ 'ಗ್ರ್ಯಾಬ್' ಎಂಬುದರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಬೇಗ ಬಂದವರಿಗೆ ಲಾಭ ಎಂಬಷ್ಟೇ ಅದರ ತಾತ್ಪರ್ಯ. ಅದನ್ನು 'ಕೊಡುಗೆಯನ್ನು ಕಸಿದುಕೊಳ್ಳಿ' ಎಂದು ಅನುವಾದಿಸಿದರೆ, ಕೊಡುಗೆಯೆಂದ ಮೇಲೆ ಕೊಡುವವನಿದ್ದಾನೆ, ಕೊಡುವವನ ಕೈಯಿಂದ ಕಸಿಯುವುದೇಕೆ? 'ಅವಕಾಶವನ್ನು ದೋಚಿಕೊಳ್ಳಿ' ಎಂಬುದೂ ಅಂಥದೇ. ಕಷ್ಟವಿಲ್ಲದೆ 'ಬಿಡಬೇಡಿ', 'ಕೈತಪ್ಪಿಸಿಕೊಳ್ಳಬೇಡಿ', 'ಇಂದೇ ಪಡೆಯಿರಿ' ಎನ್ನಬಹುದು. 'ಗಮನ ಸೆಳೆಯಿತು' ಎಂಬಲ್ಲಿ ನಮ್ಮ ಪತ್ರಿಕೆಗಳು ತಪ್ಪುವುದೇ ಇಲ್ಲ. ಅಲ್ಲಿಯೂ ಇಂಗ್ಲಿಷಿನಲ್ಲಿ ಇದೇ 'ಗ್ರ್ಯಾಬ್' ಇರುತ್ತದೆ. ಅಂದ ಮೇಲೆ ಕಿವಿ ಕೊಟ್ಟರೆ ಸರಿಯಾದ ಪದ ಸಿಗುತ್ತದೆಯೆಂದೇ ಅರ್ಥ.

ಯಾರೂ ಕಳೆದುಕೊಳ್ಳದ ತೆಗೆತ ಇನ್ನೂ ಹಲವು ಕಡೆ ಇದೆ. ಭಾರ ಎತ್ತುವ ಸ್ಪರ್ಧೆಯಲ್ಲಿ 'ಸ್ನ್ಯಾಚ್' ಎಂದರೆ ನೆಲದ ಮೇಲಿನ ಭಾರವನ್ನು ನಡುವೆ ಭುಜದ ಮೇಲೆ ನಿಲ್ಲಿಸದೆ ಒಂದೇ ಎಳೆತದಲ್ಲಿ ತಲೆಯ ಮೇಲಕ್ಕೆ ಒಯ್ಯುವುದು. ನಮ್ಮ ಕುಂದಾಪುರ ತಾಲೂಕಿನ ವಂಡ್ಸೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿಯ ಪದಕ ಗೆದ್ದಾಗ ಸ್ನ್ಯಾಚಿನಲ್ಲಿ ಎತ್ತಿದ್ದು 111 ಕಿಲೋ. ಇನ್ನೊಂದು ಬಗೆಯ 138 ಸೇರಿ ಒಟ್ಟು 249. ಇಲ್ಲಿ ಯಾರಿಂದಲೂ ಏನನ್ನೂ ಕಸಿದದ್ದಲ್ಲ. ಭೂಮಿಯ ಸೆಳೆತವನ್ನು ತೋಳಿನ ಸೆಳೆತ ಗೆದ್ದದ್ದು. ಕ್ರೀಡಾ ವರದಿಗಾರರು ಇದನ್ನು ಅನುವಾದಿಸದೆ 'ಸ್ನ್ಯಾಚ್' ಎಂದೇ ಉಳಿಸಿಕೊಂಡಿರುವುದು ಯುಕ್ತವಾಗಿದೆ. ತಾಂತ್ರಿಕ ಹೆಸರನ್ನು ಹೆಸರಾಗಿಯೇ ಇಟ್ಟುಕೊಳ್ಳುವುದರಲ್ಲಿ ಭಾಷೆಗೆ ಅವಮಾನವೇನೂ ಇಲ್ಲ.

ನಿತ್ಯದ ಮಾತಿನಲ್ಲಿ ಹಾಗಲ್ಲ. ಆಫೀಸಿನಿಂದ ಬರುವ ದಾರಿಯಲ್ಲಿ ಏನನ್ನಾದರೂ 'ಗ್ರ್ಯಾಬ್' ಮಾಡಿಕೊಂಡು ತಿನ್ನುವುದು ಎಂದು ಈಗಿನ ಯುವಕರು ಹೇಳುತ್ತಾರೆ. ಅದಕ್ಕೆ ನಮ್ಮಲ್ಲಿ 'ಎರಡು ತುತ್ತು ಬಾಯಿಗೆ ಹಾಕಿಕೊಂಡು ಬಂದೆ' ಎಂಬ ಮಾತಿದೆ. ಅವಸರವೂ ಹಸಿವೂ ಅದರಲ್ಲಿ ಅಡಗಿವೆ. ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆ ನಿದ್ರೆಯನ್ನು 'ಸ್ನ್ಯಾಚ್' ಮಾಡುವುದೆಂದರೆ ಒಂದು ಜೊಂಪು ತೆಗೆಯುವುದು ಅಥವಾ ಕೋಳಿನಿದ್ದೆ. ಗಾಡಿಯಲ್ಲಿ ಸೀಟು 'ಗ್ರ್ಯಾಬ್' ಮಾಡುವುದೆಂದರೆ ಸೀಟು ಹಿಡಿಯುವುದು. ಮುಂಬಯಿಯ ಕನ್ನಡಿಗರು ಸೀಟು ಹಿಡಿಯುತ್ತಾರೆ, ಗಾಡಿ ಹಿಡಿಯುತ್ತಾರೆ, ಕೆಲಸ ಹಿಡಿಯುತ್ತಾರೆ. ಯಾರೂ ಸೀಟನ್ನು ಕಸಿಯುವುದಿಲ್ಲ. ಕುಳಿತವರನ್ನು ಎಬ್ಬಿಸಿದರೆ ಮಾತ್ರ ಆ ಪದ ಬಂದೀತು.

ಪದ ತಪ್ಪಿದರೆ ಹಾನಿಯಾಗುವ ಸ್ಥಳಗಳೂ ಇವೆ. 'ಸೀಜರ್' ಎಂಬ ನಾಮಪದವನ್ನು ತೆಗೆದುಕೊಳ್ಳಿ. ನ್ಯಾಯಾಲಯದ ಕಾಗದದಲ್ಲಿ ಅದು ಜಪ್ತಿ. ಆಸ್ಪತ್ರೆಯ ಕಾಗದದಲ್ಲಿ ಅದೇ ಪದ ಮೈಕೈ ಸೆಳೆದುಕೊಳ್ಳುವ ಸೆಳವು, ಮೂರ್ಛೆರೋಗದಲ್ಲಿ ಕಾಣಿಸಿಕೊಳ್ಳುವಂಥದು. ಕಾರ್ಖಾನೆಯಲ್ಲಿ ಎಂಜಿನು 'ಸೀಜ್' ಆಯಿತೆಂದರೆ ಎಣ್ಣೆಯಿಲ್ಲದೆ ಪಿಸ್ಟನ್ ಹಿಡಿದುಕೊಂಡಿತು ಎಂದು ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಒಂದೇ ಪದ, ಮೂರು ಲೋಕ. ಇಂದು ಮೊಬೈಲಿನ ಯಂತ್ರಾನುವಾದವನ್ನು ನಂಬಿ ಊರಿನಲ್ಲಿರುವ ವೃದ್ಧ ತಂದೆತಾಯಿಗೆ ವೈದ್ಯರ ಚೀಟಿಯನ್ನು ಕನ್ನಡಿಸಿ ಕಳಿಸುವವರಿದ್ದಾರೆ. ಸಂದರ್ಭ ತಿಳಿಯದ ಯಂತ್ರ ಸೆಳವಿನ ಜಾಗದಲ್ಲಿ ಜಪ್ತಿಯನ್ನು ಕೂರಿಸಿದರೆ ಓದಿದವರ ಗತಿಯೇನು? ಮನುಷ್ಯನ ಕಣ್ಣು ಒಮ್ಮೆ ಅದರ ಮೇಲೆ ಹಾಯಲೇಬೇಕು.

ಈ ಹಠಾತ್ತಾದ ತೆಗೆತ ನಮ್ಮ ಹಳೆಯ ಸಾಹಿತ್ಯಕ್ಕೂ ಶಾಸನಗಳಿಗೂ ಹೊಸದಲ್ಲ. ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ 'ತುರುಗೋಳ್' ಎಂಬ ಪದ ಬರುತ್ತದೆ. ತುರು ಎಂದರೆ ದನ. ಕೊಳ್ ಎಂದರೆ ತೆಗೆದುಕೊಳ್ಳುವುದು. ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋದಾಗ ತಡೆದು ಸತ್ತವನ ಸ್ಮಾರಕ ಅದು. ಊರ ಹೆಣ್ಣುಗಳಿಗೆ ಆಪತ್ತು ಬಂದಾಗ ಕಾದು ಸತ್ತವನಿಗೆ 'ಪೆಣ್ಬುಯ್ಯಲ್' ಎಂಬ ಬೇರೆಯೇ ಪದವಿದೆ. ಅಲ್ಲಿಯೂ ಪದದ ಮೊದಲಲ್ಲಿ ನಿಂತದ್ದು ಕಸಿದವನಲ್ಲ, ಕೈತಪ್ಪಿ ಹೋದ ತುರು, ಅಪಾಯಕ್ಕೆ ಸಿಕ್ಕಿದ ಹೆಣ್ಣು. ನಮ್ಮ ಯಕ್ಷಗಾನ ಪ್ರಸಂಗಗಳ ಹೆಸರುಗಳನ್ನು ನೆನೆಯಿರಿ: ಉತ್ತರ ಗೋಗ್ರಹಣ, ದ್ರೌಪದೀ ವಸ್ತ್ರಾಪಹರಣ, ಪಾರಿಜಾತಾಪಹರಣ. ಗೋವು, ವಸ್ತ್ರ, ಪಾರಿಜಾತ, ಹೀಗೆ ಹೋದ ವಸ್ತುವಿನಿಂದಲೇ ಪ್ರಸಂಗಕ್ಕೆ ಹೆಸರು. 'ಸರಗಳ್ಳತನ' ಎಂದು ಕಟ್ಟಿದ ಪತ್ರಿಕೆಯವರು ತಿಳಿದೋ ತಿಳಿಯದೆಯೋ ವೀರಗಲ್ಲಿನ ಕಾಲದ ಸಂಪ್ರದಾಯವನ್ನೇ ಅನುಸರಿಸಿದ್ದಾರೆ.

'ಗ್ರಹಣ' ಎಂಬ ಸಂಸ್ಕೃತ ಪದದ ವ್ಯಾಪ್ತಿಯೂ ವಿಚಾರಾರ್ಹ. ರಾಹು ಚಂದ್ರನನ್ನು ಹಿಡಿದರೆ ಗ್ರಹಣ. ವರ ವಧುವಿನ ಕೈ ಹಿಡಿದರೆ ಪಾಣಿಗ್ರಹಣ. ಬುದ್ಧಿ ಅರ್ಥವನ್ನು ಹಿಡಿದರೆ ಗ್ರಹಿಕೆ. ಇದರ ವೈದಿಕ ರೂಪವಾದ 'ಗ್ರಭ್' ಮತ್ತು ಇಂಗ್ಲಿಷಿನ 'ಗ್ರ್ಯಾಬ್' ಒಂದೇ ಬೇರಿನವೆಂದು ನಿರುಕ್ತಕಾರರಲ್ಲಿ ಕೆಲವರು ಹೇಳುತ್ತಾರೆ. ಆದರೆ ಹೋಲುವುದೆಲ್ಲ ನಂಟಲ್ಲ. ಕಾನ್ಹೋಜಿ ಆಂಗ್ರೆಯ ನೌಕಾಬಲದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳಿಗೆ ಅಲ್ಲಿಯೂ 'ಗ್ರ್ಯಾಬ್' ಎಂಬ ಪದ ಸಿಗುತ್ತದೆ. ಅದು ಕ್ರಿಯಾಪದವಲ್ಲ, ಹಡಗಿನ ಹೆಸರು. ಕಾಗೆ ಎಂಬ ಅರ್ಥವೂ ಇರುವ ಅರಬೀ 'ಘುರಾಬ್' ಈ ಕೊಂಕಣ ತೀರದಲ್ಲಿ 'ಗುರಾಬ'ವಾಗಿ, ಇಂಗ್ಲಿಷರ ಬಾಯಲ್ಲಿ 'ಗ್ರ್ಯಾಬ್' ಆಯಿತು. ಪರರ ಹಡಗುಗಳನ್ನು ಹಿಡಿಯುವ ಹಡಗಿಗೆ ಆ ಹೆಸರು ಒಪ್ಪಿದ್ದು ಕೇವಲ ಕಾಕತಾಳೀಯ. ಇತ್ತ ನಮ್ಮ 'ಲೂಟಿ'ಯನ್ನು ಇಂಗ್ಲಿಷರು ಇಲ್ಲಿಂದಲೇ ಕೊಂಡೊಯ್ದು ತಮ್ಮ ಕೋಶಕ್ಕೆ ಸೇರಿಸಿಕೊಂಡರು. ದೋಚುವ ಕೆಲಸಕ್ಕೆ ಅವರ ಸ್ವಂತ ಪದಗಳು ಸಾಲದೆ ಹೋದವೆಂದು ಕಾಣುತ್ತದೆ!

ವಿನೋದ ಇಷ್ಟಕ್ಕಿರಲಿ. ಈ ಪದಗಳ ವಿವೇಚನೆ ನಮ್ಮ ಕಾಲಕೆಳಗಿನ ನೆಲಕ್ಕೆ ಬಂದಾಗ ಗಂಭೀರವಾಗುತ್ತದೆ. ನಾವಿಂದು ಫ್ಲಾಟುಗಳಲ್ಲಿ ವಾಸಿಸುವ ನೆರೂಳ ಒಂದು ಕಾಲಕ್ಕೆ ಆಗ್ರಿ, ಕೋಳಿ ಜನರ ಗ್ರಾಮ. ಸುತ್ತ ಭತ್ತದ ಗದ್ದೆ, ಉಪ್ಪಿನ ಆಗರ, ಖಾಡಿ. 1970ರ ಮಾರ್ಚಿನಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿಮುಂಬಯಿಗಾಗಿ 95 ಗ್ರಾಮಗಳ ನೆಲವನ್ನು ಗುರುತಿಸಲಾಯಿತು. ಮರಾಠಿಯಲ್ಲಿ ಈ ಕ್ರಿಯೆಗೆ 'ಭೂಸಂಪಾದನ' ಎಂದು ಹೆಸರು. ಕನ್ನಡದ ಕಿವಿಗೆ ಸಂಪಾದನೆ ಎಂದರೆ ಬೆವರು ಸುರಿಸಿ ಗಳಿಸಿದ್ದು. ಮರಾಠಿಯಲ್ಲಿ ಪಡೆಯುವುದು ಎಂಬಷ್ಟೇ ಅರ್ಥದಲ್ಲಿ ಅದು ಸರಿಯಾದ ಪದವೇ. ಆದರೆ ಕಚೇರಿಯ ಫಲಕದಲ್ಲಿ ಅದನ್ನು ಓದುವ ಕನ್ನಡಿಗನಿಗೆ ಭೂಮಿಯನ್ನು ಯಾರು ಸಂಪಾದಿಸಿದರು, ಯಾರು ಕಳೆದುಕೊಂಡರು ಎಂಬ ಪ್ರಶ್ನೆ ಏಳದಿರದು. ನಮ್ಮ 'ಭೂಸ್ವಾಧೀನ'ವೂ ಅಷ್ಟೇನೂ ನಿಷ್ಕಪಟವಲ್ಲ. ಸ್ವ ಎಂದರೆ ತನ್ನ. ಯಾರ ಅಧೀನ ಎಂಬುದನ್ನು ಅದು ಸರಕಾರದ ಕಡೆಯಿಂದ ಮಾತ್ರ ಹೇಳುತ್ತದೆ. ಕಿಟ್ಟೆಲರ ಕೋಶ ಹೊರಬಂದ 1894ರಲ್ಲಿಯೇ ಬ್ರಿಟಿಷರು ಮಾಡಿದ ಭೂಸ್ವಾಧೀನ ಕಾಯಿದೆ 2013ರ ವರೆಗೂ ಉಳಿದು, 2014ರ ಜನವರಿ 1ರಿಂದ ಹೊಸ ಕಾಯಿದೆಗೆ ಸ್ಥಳ ಬಿಟ್ಟಿತು.

ಗ್ರಾಮಸ್ಥರು ಮಾತ್ರ ತಮಗೆ ಆದದ್ದನ್ನು ಕಚೇರಿಯ ಪದದಲ್ಲಿ ಹೇಳಲಿಲ್ಲ. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ನಾಯಕತ್ವದ ಚಳವಳಿಯಲ್ಲಿ ಉರಣ ತಾಲೂಕಿನ ಜಾಸಯಿ ಪರಿಸರದಲ್ಲಿ ನಡೆದ ಗೋಲೀಬಾರಿಗೆ ಐವರು ಬಲಿಯಾದರು. ಆ ಹೋರಾಟದ ಫಲವಾಗಿ, ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಬಂತು. ಕಾನೂನು 'ಸಂಪಾದನೆ' ಎಂದದ್ದನ್ನು ಕಳೆದುಕೊಂಡವರು 'ಹಿಸಕಾವಣೆ' ಎಂದರೆ, ಅಂದರೆ ಕಸಿತವೆಂದರೆ, ಎರಡು ಪದಗಳ ನಡುವೆ ಇರುವುದು ಐದು ಪ್ರಾಣಗಳ ಅಂತರ. ಆ ನೆಲದ ಮೇಲೆ ಮನೆ ಮಾಡಿಕೊಂಡ ನಾವು ಈ ಮಾತನ್ನು ತಿಳಿದಿರಬೇಕು. ಯಾರನ್ನೂ ದೂಷಿಸುವುದಕ್ಕಲ್ಲ, ನೆರೆಯವರ ಬಾಯಿಯ ಪದ ಎಲ್ಲಿಂದ ಬಂತೆಂದು ಅರಿಯುವುದಕ್ಕೆ.

ನಮ್ಮ ಊರುಗಳಲ್ಲಿಯೂ ಇಂಥದೇ ಒಂದು ಪ್ರಕರಣ ನಡೆದಿದೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಭೂಮಿ ಸರಕಾರದ ವಶವಾಗಿ, ಭೂ ನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ದೊರೆಯಿತು. ದಕ್ಷಿಣ ಕನ್ನಡದಿಂದ ಬಂದ ನಮ್ಮ ಸದಸ್ಯರಲ್ಲಿ ಕೆಲವರ ಮನೆಯಲ್ಲಿ ಈ ಘಟನೆಗೆ 'ಭೂಮಿ ಹೋಯಿತು' ಎಂಬ ಹೆಸರಿದೆ. ಇನ್ನು ಕೆಲವರ ಮನೆಯಲ್ಲಿ 'ಭೂಮಿ ಆಯಿತು' ಎಂಬ ಹೆಸರು. ಹಳೆಯ ಧಣಿಗಳ ಮನೆಯಲ್ಲಿ 'ಕಸಿದುಕೊಂಡರು' ಎಂಬ ಮಾತೂ ಕೇಳುತ್ತದೆ. ತಲೆತಲಾಂತರದಿಂದ ಗೇಣಿ ಅಳೆದು ಅಳೆದು ಸೋತಿದ್ದ ಒಕ್ಕಲಿನ ಮನೆಯವರು, ತಮ್ಮ ಬೆಳೆಯನ್ನು ಅಷ್ಟು ವರ್ಷ ಕಸಿದುಕೊಂಡವರು ಯಾರೆಂದು ಕೇಳುತ್ತಾರೆ. ಒಂದೇ ಸಂಘದ ಒಂದೇ ಪಂಕ್ತಿಯಲ್ಲಿ ಎರಡೂ ಮನೆಯ ಮಕ್ಕಳು ಊಟಕ್ಕೆ ಕೂರುತ್ತಾರೆ. ಕಾನೂನಿನಂತೆ ಅಲ್ಲಿ ಕಸಿತವಿರಲಿಲ್ಲ, ಹಕ್ಕಿನ ವರ್ಗಾವಣೆ ಇತ್ತು ಎಂಬುದು ನಮ್ಮ ಅಭಿಮತ. ಆದರೂ ಎರಡೂ ಕಡೆಯ ಕ್ರಿಯಾಪದಗಳನ್ನು ಕೇಳಿಸಿಕೊಂಡವನಿಗೆ ಮಾತ್ರ ಆ ಚರಿತ್ರೆ ಪೂರ್ತಿಯಾಗಿ ತಿಳಿಯುತ್ತದೆ. 'ಲ್ಯಾಂಡ್ ಗ್ರ್ಯಾಬ್' ಎಂದು ಒಂದೇ ಮಾತಿನಲ್ಲಿ ಮುಗಿಸುವವನಿಗೆ ಎರಡೂ ತಿಳಿಯುವುದಿಲ್ಲ.

ಸಂಘದ ಪತ್ರಿಕೆಗಳಲ್ಲಿ ಬರುವ ಶ್ರದ್ಧಾಂಜಲಿಗಳಲ್ಲಿ 'ಕ್ರೂರ ವಿಧಿ ಅವರನ್ನು ನಮ್ಮಿಂದ ಕಸಿದುಕೊಂಡಿತು' ಎಂಬ ವಾಕ್ಯ ರೂಢಿಯಾಗಿದೆ. ಇಂಗ್ಲಿಷಿನಲ್ಲಿ ಸಾವಿನಿಂದ ನೊಂದವರನ್ನು ಹೇಳುವ 'ಬಿರೀವ್ಡ್' ಎಂಬ ಪದದ ಬೇರಿನಲ್ಲಿಯೂ ದೋಚುವ ಅರ್ಥವೇ ಇದೆ. ಆದರೆ ಅದು ಹೂತುಹೋಗಿ ಬಳಸುವವರಿಗೆ ಈಗ ಕಾಣಿಸುವುದಿಲ್ಲ. ನಮ್ಮಲ್ಲಿ ಅದು ಇನ್ನೂ ಜೀವಂತ. ಅಕಾಲ ಮರಣಕ್ಕೆ 'ಕಸಿದುಕೊಂಡಿತು' ಎಂಬುದು ಒಪ್ಪುತ್ತದೆ. ತೊಂಬತ್ತು ವರ್ಷ ತುಂಬು ಬಾಳು ಬಾಳಿದ ಹಿರಿಯರಿಗೆ 'ಅಗಲಿದರು' ಎಂದರೆ ಸಾಕು; ವಿಧಿಯ ಮೇಲೆ ಸರಗಳ್ಳತನದ ಆರೋಪ ಹೊರಿಸಬೇಕಾಗಿಲ್ಲ. ರೂಢಿಯ ವಾಕ್ಯವನ್ನು ಎಲ್ಲರಿಗೂ ಒಂದೇ ಅಳತೆಯ ಅಂಗಿಯಂತೆ ತೊಡಿಸಿದರೆ ನಿಜವಾದ ದುಃಖಕ್ಕೆ ಪದವೇ ಉಳಿಯದು.

ಕೊನೆಗೆ ಮನೆಯ ಮಾತಿಗೆ ಬರೋಣ. ಮಕ್ಕಳಿಬ್ಬರು ಪೆನ್ಸಿಲಿಗಾಗಿ ಜಗಳವಾಡಿ 'ಅಣ್ಣ ಗ್ರ್ಯಾಬ್ ಮಾಡಿದ' ಎಂದು ದೂರು ತಂದರೆ ತಾಯಿ ಏನೆಂದು ತೀರ್ಪು ಕೊಡಬೇಕು? ಕೇಳಿ ತೆಗೊಂಡನೋ, ಕೈಯಿಂದ ಎಳಕೊಂಡನೋ, ಕಾಣದ ಹಾಗೆ ಎಗರಿಸಿದನೋ? ಮೂರಕ್ಕೂ ಶಿಕ್ಷೆ ಬೇರೆ. ಮೊದಲನೆಯದಕ್ಕೆ ಶಿಕ್ಷೆಯೇ ಇಲ್ಲ. ಈ ಭೇದವನ್ನು ಹೇಳಲು ಮಗುವಿಗೆ ಪದ ಬೇಕು. ಪದ ಕಲಿತ ಮಗು ಅಣ್ಣನಿಗೆ ಅನ್ಯಾಯವಾಗದಂತೆ ದೂರು ಹೇಳಲು ಕಲಿಯುತ್ತದೆ. ಮುಂದೆ ದೊಡ್ಡವನಾಗಿ ಪತ್ರಿಕೆಯಲ್ಲಿ 'ವಶಪಡಿಸಿಕೊಂಡರು' ಎಂದು ಓದಿದಾಗ, ಯಾರಿಂದ, ಯಾವ ಹಕ್ಕಿನಿಂದ ಎಂದು ಕೇಳುತ್ತದೆ.

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿರುವ ಈ ಕಾಲದಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಓದಬಾರದೆಂದು ಯಾರೂ ಹೇಳುತ್ತಿಲ್ಲ. 'ಸ್ನ್ಯಾಚ್' ಪದವನ್ನು ಅವರು ಚೆನ್ನಾಗಿಯೇ ಕಲಿಯಲಿ. ಅದರ ಜೊತೆಗೆ ವಾರಕ್ಕೊಂದು ಇಂಗ್ಲಿಷ್ ಕ್ರಿಯಾಪದವನ್ನು ಊಟದ ಹೊತ್ತಿಗೆ ಎದುರಿಗಿಟ್ಟುಕೊಂಡು, ಇದಕ್ಕೆ ನಮ್ಮ ಮನೆಯಲ್ಲಿ ಎಷ್ಟು ಪದಗಳಿವೆಯೆಂದು ಅಜ್ಜಿಯನ್ನೂ ಮೊಮ್ಮಗನನ್ನೂ ಕೂಡಿಯೇ ಕೇಳಬಹುದು. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗನಿಗೆ ಕನ್ನಡ ಸಾಲದು. ಇಬ್ಬರೂ ಸೇರಿದರೆ ಒಂದು ಒಳ್ಳೆಯ ಕೋಶವಾದೀತು. ವಾಚಕರು ತಮ್ಮ ತಮ್ಮ ಊರ ಕಡೆಯ ಪದಗಳನ್ನು ಹೀಗೆ ಕಲೆಹಾಕಿ ಸಂಘಕ್ಕೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಅವುಗಳಿಗೆ ಸ್ಥಳ ದೊರೆಯಲೆಂದು ಹಾರೈಸುತ್ತೇವೆ.